ಮೊದಲು ಊಹೆ, ಆಮೇಲೆ ಕೈ

ಕಾರವಾರದಲ್ಲಿ ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಊಟ ಆದಮೇಲಿನ ಅವಧಿ ನನ್ನ ಪಾಲಿಗೆ ಬಂದಿದೆ. ಕಾರವಾರದ ಮೀನೂಟ ಮುಗಿಸಿ ಬಂದವರಿಗೆ ಒಂದು ಗಂಟೆ ಸುಮ್ನೆ ಕೂತು ಕೇಳಿ ಎಂದರೆ ಅದು ಶಿಕ್ಷೆ. ಹಾಗಾಗಿ ಮೊದಲು ನಿಮಗೇ ಒಂದು ಕೆಲಸ.

ಈ ಮೇಜಿನ ಮೇಲೆ ಒಂದು ಅಡಿಕೆ ದಬ್ಬೆ ಇದೆ. ಘಟ್ಟದ ಮೇಲಿನಿಂದ ಬಂದವರಿಗೆ ಇದರ ಪರಿಚಯ ಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಅಡಿಕೆ ಮರವನ್ನು ಉದ್ದಕ್ಕೆ ಸೀಳಿ ತೆಗೆದ ಪಟ್ಟಿ ಇದು. ಬೇಲಿಗೆ, ಚಪ್ಪರಕ್ಕೆ, ಅಟ್ಟಕ್ಕೆ ಬಳಸುತ್ತಾರೆ. ಬಡಗಿಯವರ ಹತ್ತಿರ ಕೀಸಿಸಿ ಅಗಲ 6 ಸೆಂಟಿಮೀಟರ್, ದಪ್ಪ ಒಂದೂವರೆ ಸೆಂಟಿಮೀಟರ್ ಮಾಡಿಸಿದ್ದೇನೆ. ಎರಡು ಚಿರೆಕಲ್ಲುಗಳ ನಡುವೆ ಒಂದು ಮೀಟರ್ ಅಂತರ ಬಿಟ್ಟು ಇದನ್ನು ಚಪ್ಪಟೆಯಾಗಿ ಇಡೋಣ. ನಡುಮಧ್ಯಕ್ಕೆ 5 ಲೀಟರ್ ನೀರಿನ ಕ್ಯಾನ್ ನೇತುಹಾಕೋಣ. ಹಿಂದೆ ಒಂದು ಗ್ರಾಫ್ ಹಾಳೆ ಅಂಟಿಸಿದ್ದೇನೆ, ಎಷ್ಟು ಬಾಗಿತು ಎಂದು ಓದಿಕೊಳ್ಳಬಹುದು.

ಈಗ ಇದೇ ದಬ್ಬೆಯನ್ನು ಪಕ್ಕಕ್ಕೆ ತಿರುಗಿಸಿ, ಅಂಚಿನ ಮೇಲೆ ನಿಲ್ಲಿಸುತ್ತೇನೆ. ಅದೇ ಕ್ಯಾನ್, ಅದೇ ಅಂತರ. ಬಾಗು ಎಷ್ಟು ಪಟ್ಟು ಕಡಿಮೆ ಆಗುತ್ತದೆ? 2, 4, 8, 16, ಇವುಗಳಲ್ಲಿ ಒಂದನ್ನು ನಿಮ್ಮ ಹಾಳೆಯಲ್ಲಿ ಬರೆಯಿರಿ. ಕ್ಯಾನ್ ಹಾಕುವ ಮೊದಲೇ ಬರೆಯಬೇಕು. ಪಕ್ಕದವರದ್ದು ನೋಡಬೇಡಿ. ನೀವೆಲ್ಲ ಮೇಷ್ಟ್ರುಗಳು, ನೋಡೇ ನೋಡುತ್ತೀರಿ, ಅದು ಬೇರೆ ಮಾತು.

ಜಾಸ್ತಿ ಕೈಗಳು 4ಕ್ಕೆ ಎದ್ದಿವೆ. ಮಕ್ಕಳ ತರಗತಿಯಲ್ಲೂ ಹೀಗೇ ಆಗುತ್ತದೆ. ದಬ್ಬೆಯ ಎತ್ತರ 4 ಪಟ್ಟು ಹೆಚ್ಚಾಯಿತು, ಹಾಗಾಗಿ ಬಾಗು 4 ಪಟ್ಟು ಇಳಿಯಬೇಕು ಅಂತ ಮನಸ್ಸು ಹೇಳುತ್ತದೆ. ಆದರೆ ಬಿಗಿ, ಅಂದರೆ ಬಾಗದೆ ತಡೆಯುವ ಗುಣ, ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. 4ರ ಘನ 64. ಅಗಲ 4 ಪಟ್ಟು ಕಡಿಮೆ ಆಗಿದ್ದರಿಂದ 64ನ್ನು 4ರಿಂದ ಭಾಗಿಸಿ, 16. ಚಪ್ಪಟೆ ಇಟ್ಟಾಗ 8 ಮಿಲಿಮೀಟರ್ ಬಾಗಿದರೆ, ನಿಲ್ಲಿಸಿದಾಗ ಅರ್ಧ ಮಿಲಿಮೀಟರ್. ಗ್ರಾಫ್ ಹಾಳೆಯಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ.

ಈ ಸೂತ್ರ ಎರಡನೇ ವರ್ಷದ ಸಿವಿಲ್, ಮೆಕ್ಯಾನಿಕಲ್ ಹುಡುಗರೆಲ್ಲರಿಗೂ ಬಾಯಿಪಾಠ. ಅಗಲ ಗುಣಿಸು ಎತ್ತರದ ಘನ ಭಾಗಿಸು 12. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಅದೇ ಹುಡುಗರು ದಬ್ಬೆ ಎದುರು ಬಂದಾಗ 4 ಎನ್ನುತ್ತಾರೆ. ಪರೀಕ್ಷೆಗೆ ಓದಿದ ಸೂತ್ರ ತಲೆಯ ಒಂದು ಕೋಣೆಯಲ್ಲಿದೆ, ಮನೆಯ ತೋಟದಲ್ಲಿ ಕಂಡ ದಬ್ಬೆ ಇನ್ನೊಂದು ಕೋಣೆಯಲ್ಲಿದೆ. ನಡುವೆ ಬಾಗಿಲು ಹಾಕಿದೆ. ಇವತ್ತಿನ ನನ್ನ ಮಾತೆಲ್ಲ ಆ ಬಾಗಿಲಿನ ಬಗ್ಗೆ.

ದಬ್ಬೆಯ ಕಥೆ ಇನ್ನೂ ಮುಗಿದಿಲ್ಲ. ನಿಲ್ಲಿಸಿದ ದಬ್ಬೆ ಕೈ ಬಿಟ್ಟ ಕೂಡಲೇ ಮಗುಚಿ ಬೀಳುತ್ತದೆ. ಯಾರಾದರೂ ಎರಡೂ ತುದಿ ಹಿಡಿದುಕೊಳ್ಳಬೇಕು. ಆಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: "ಸರ್, ನಿಲ್ಲಿಸೋದೇ ಒಳ್ಳೇದಾದ್ರೆ ಕಾಲುಸಂಕದಲ್ಲಿ ಯಾಕೆ ಹಾಗೆ ಹಾಕಲ್ಲ?" ಇಂಥ ಪ್ರಶ್ನೆ ಬಂತು ಅಂದರೆ ಅವತ್ತಿನ ಪಾಠ ಗೆದ್ದ ಹಾಗೆ. ಹಳ್ಳ ದಾಟಲು ಹಾಕುವ ಆ ಸಂಕದಲ್ಲಿ ಭಾರ ಹೊರುವುದು ಅಡ್ಡ ಹಾಕಿದ ಇಡೀ ಮರ, ಕಾಲಿಡಲು ಬೇಕಾದ್ದು ಮೇಲಿನ ಪಟ್ಟಿ. ಎರಡೂ ಬೇರೆ ಕೆಲಸ. ಅಲ್ಲಿಂದ ಉಕ್ಕಿನ ತೊಲೆಗೆ ಮೇಲೆ ಕೆಳಗೆ ಅಗಲವಾದ ಪಟ್ಟಿ ಯಾಕಿದೆ, ಸೇತುವೆಯ ಗರ್ಡರುಗಳ ನಡುವೆ ಅಡ್ಡ ಕಟ್ಟು ಯಾಕಿದೆ ಎಂಬಲ್ಲಿಗೆ ತಾನಾಗೇ ಹೋಗಬಹುದು.

ಇನ್ನೊಂದು ತಮಾಷೆ ಇದೆ. ಅಡಿಕೆ ಮರದ ಹೊರಮೈ ಗಟ್ಟಿ, ನಾರು ಒತ್ತೊತ್ತಾಗಿರುತ್ತದೆ. ಒಳಮೈ ಮೆತ್ತಗೆ. ಚಪ್ಪಟೆ ಇಟ್ಟ ದಬ್ಬೆಯನ್ನು ಒಳಮೈ ಮೇಲೆ ಮಾಡಿ ಒಮ್ಮೆ, ಹೊರಮೈ ಮೇಲೆ ಮಾಡಿ ಒಮ್ಮೆ ಬಾಗಿಸಿದರೆ ವ್ಯತ್ಯಾಸ ಬರುತ್ತದೆಯೇ? ಎಲ್ಲರೂ ಬರುತ್ತದೆ ಅಂತಲೇ ಬರೆಯುತ್ತಾರೆ. ಭಾರ ಕಡಿಮೆ ಇರುವ ತನಕ ಲೆಕ್ಕದ ಪ್ರಕಾರ ಬಾಗು ಎರಡೂ ಕಡೆ ಒಂದೇ. ವ್ಯತ್ಯಾಸ ಕಾಣುವುದು ಮುರಿಯುವ ಹೊತ್ತಿಗೆ. ಬಿಗಿ ಬೇರೆ, ಮುರಿಯದೆ ತಡೆಯುವ ಬಲ ಬೇರೆ ಎಂಬ ಮಾತನ್ನು ಬೋರ್ಡ್ ಮೇಲೆ ಎಷ್ಟು ಸಲ ಬರೆದರೂ ಹತ್ತದ್ದು ಇಲ್ಲಿ ಹತ್ತುತ್ತದೆ.

ಇದಕ್ಕೆಲ್ಲ ಆದ ಖರ್ಚು ಲೆಕ್ಕ ಹಾಕುವಷ್ಟೂ ಇಲ್ಲ. ಆದ ಸಮಯ ಹತ್ತು ನಿಮಿಷ. ಆದರೆ ಹಾಳೆಯಲ್ಲಿ ಬರೆಸಿದೆನಲ್ಲ, ಅದನ್ನು ಬಿಟ್ಟಿದ್ದರೆ ಈ ಹತ್ತು ನಿಮಿಷ ಹೊಳೆಗೆ ಹೋದ ಹಾಗೆ. ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ ಮತ್ತು ಅವರ ಜೊತೆಗಾರರು 2004ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ತರಗತಿಯಲ್ಲಿ ಪ್ರಯೋಗ ತೋರಿಸಿದಾಗ ಸುಮ್ನೆ ನೋಡಿದ ವಿದ್ಯಾರ್ಥಿಗಳು, ಪ್ರಯೋಗ ನೋಡದೇ ಇದ್ದವರಿಗಿಂತ ಹೆಚ್ಚೇನೂ ಅರ್ಥ ಮಾಡಿಕೊಂಡಿರಲಿಲ್ಲ. ಏನಾಗುತ್ತದೆ ಎಂದು ಮೊದಲೇ ಊಹಿಸಿ, ಆಮೇಲೆ ನೋಡಿದವರಿಗೆ ಲಾಭ ಆಗಿತ್ತು. ರಾತ್ರಿಯಿಡೀ ಯಕ್ಷಗಾನ ನೋಡಿದ ಮಾತ್ರಕ್ಕೆ ಹೆಜ್ಜೆ ಬರುವುದಿಲ್ಲ, ಅಲ್ವಾ? ಇದೂ ಹಾಗೇ.

ಈಗ ಸಂಘಟಕರು ಕೊಟ್ಟ ವಿಷಯಕ್ಕೆ ಬರುತ್ತೇನೆ. ಕರಪತ್ರದಲ್ಲಿ 'ಕಲಿಕಾ ಶೈಲಿಗಳು' ಎಂದಿದೆ. ಈ ಮಾತು ಇಂಜಿನಿಯರಿಂಗ್ ಕಾಲೇಜುಗಳಿಗೆ ಬಂದ ದಾರಿ ಚಿಕ್ಕದಾಗಿ ಹೇಳುತ್ತೇನೆ. 1984ರಲ್ಲಿ ಡೇವಿಡ್ ಕೋಲ್ಬ್ ಅವರು ಅನುಭವದ ಕಲಿಕೆಯ ಚಕ್ರ ಹೇಳಿದರು: ಮಾಡುವುದು, ಮಾಡಿದ್ದನ್ನು ತಿರುಗಿ ನೋಡುವುದು, ಅದರಿಂದ ಒಂದು ನಿಯಮ ಕಟ್ಟುವುದು, ಆ ನಿಯಮವನ್ನು ಹೊಸ ಕಡೆ ಹಚ್ಚಿ ನೋಡುವುದು. 1988ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಕೆಮಿಕಲ್ ಇಂಜಿನಿಯರಿಂಗ್ ಪ್ರಾಧ್ಯಾಪಕ ರಿಚರ್ಡ್ ಫೆಲ್ಡರ್ ಮತ್ತು ಮನಶ್ಶಾಸ್ತ್ರಜ್ಞೆ ಲಿಂಡಾ ಸಿಲ್ವರ್‌ಮನ್ ಸೇರಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದೇ ಒಂದು ಮಾದರಿ ಮುಂದಿಟ್ಟರು. ಕೆಲವರಿಗೆ ಕಣ್ಣಿಗೆ ಕಾಣುವ ವಿವರ ಬೇಕು, ಕೆಲವರಿಗೆ ತತ್ವ ಸಾಕು. ಕೆಲವರಿಗೆ ಚಿತ್ರ, ಕೆಲವರಿಗೆ ಮಾತು. ಕೆಲವರು ಮಾಡುತ್ತಾ ಯೋಚಿಸುತ್ತಾರೆ, ಕೆಲವರು ಯೋಚಿಸಿ ಮಾಡುತ್ತಾರೆ. ಕೆಲವರು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತಾರೆ, ಕೆಲವರಿಗೆ ಇಡೀ ಚಿತ್ರ ಕಂಡ ಮೇಲೇ ಬಿಡಿಭಾಗ ಅರ್ಥ ಆಗುವುದು. ಆಮೇಲೆ ಫೆಲ್ಡರ್ ಮತ್ತು ಬಾರ್ಬರಾ ಸೊಲೊಮನ್ ಸೇರಿ 44 ಪ್ರಶ್ನೆಗಳ ಒಂದು ಪಟ್ಟಿಯನ್ನೂ ಮಾಡಿದರು.

ಈ ಮಾದರಿ ನೋಡಿದರೆ ನಮ್ಮ ತರಗತಿಯ ಕೊರತೆ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತದೆ. ನಾವು ಕೊಡುವುದು ಬಹುಪಾಲು ತತ್ವ, ಬಹುಪಾಲು ಮಾತು, ಬಹುಪಾಲು ಮೆಟ್ಟಿಲು. ಮಕ್ಕಳು ಕೂತು ಬರೆದುಕೊಳ್ಳುತ್ತಾರೆ. ಫೆಲ್ಡರ್ ಹೇಳಿದ್ದೂ ಅದೇ: ಎಲ್ಲ ಬಗೆಯನ್ನೂ ಹದವಾಗಿ ಬೆರೆಸಿ ಕಲಿಸಿ. ಒಬ್ಬೊಬ್ಬರಿಗೆ ಒಂದೊಂದು ಪಾಠ ಮಾಡಿ ಎಂದು ಅವರು ಹೇಳಲಿಲ್ಲ.

ಆದರೆ ಊರೆಲ್ಲ ಹಬ್ಬಿದ್ದು ಎರಡನೆಯ ಮಾತು. 'ನೀನು ನೋಡಿ ಕಲಿಯುವವನು, ನೀನು ಕೇಳಿ ಕಲಿಯುವವಳು, ಅವನು ಮಾಡಿ ಕಲಿಯುವವನು.' ಪ್ರಶ್ನಾವಳಿ ತುಂಬಿಸಿ, ಹಣೆಪಟ್ಟಿ ಹಚ್ಚಿ, ಕಡತಕ್ಕೆ ಸೇರಿಸಿ, ಮಾನ್ಯತಾ ಸಮಿತಿ ಬಂದಾಗ ತೋರಿಸುವುದು. 2004ರಲ್ಲಿ ಬ್ರಿಟನ್ನಿನ ಒಂದು ತಂಡ ಲೆಕ್ಕ ಹಾಕಿದಾಗ ಇಂಥ ಶೈಲಿ ಮಾದರಿಗಳೇ 71 ಸಿಕ್ಕವು. 71! ಹಾಗಾದರೆ ಒಬ್ಬ ಹುಡುಗನಿಗೆ ಎಷ್ಟು ಪಟ್ಟಿ ಹಚ್ಚುವುದು?

2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನಶ್ಶಾಸ್ತ್ರಜ್ಞರು ಈ ವಿಷಯದ ಸಂಶೋಧನೆಗಳನ್ನೆಲ್ಲ ಜಾಲಾಡಿದರು. ಅವರು ಕೇಳಿದ್ದು ನೇರವಾದ ಪ್ರಶ್ನೆ. ಚಿತ್ರ ಇಷ್ಟಪಡುವವರಿಗೆ ಚಿತ್ರದಲ್ಲೇ ಕಲಿಸಿದರೆ, ಮಾತು ಇಷ್ಟಪಡುವವರಿಗೆ ಮಾತಿನಲ್ಲೇ ಕಲಿಸಿದರೆ ಇಬ್ಬರೂ ಹೆಚ್ಚು ಕಲಿಯುತ್ತಾರೆಯೇ? ಹಾಗೆಂದು ತೋರಿಸುವ ಗಟ್ಟಿ ಪುರಾವೆ ಅವರಿಗೆ ಸಿಗಲಿಲ್ಲ. ಇಷ್ಟ ಇರುವುದು ನಿಜ. ಇಷ್ಟದ ಹಾಗೆ ಕಲಿಸಿದರೆ ಜಾಸ್ತಿ ತಲೆಗೆ ಹೋಗುತ್ತದೆ ಎಂಬುದಕ್ಕೆ ಆಧಾರ ಇಲ್ಲ.

ಹಣೆಪಟ್ಟಿಯಿಂದ ನಷ್ಟವೂ ಇದೆ. "ಸರ್, ನಾನು ವಿಷುವಲ್ ಲರ್ನರ್, ಟೆಕ್ಸ್ಟ್ ಬುಕ್ ಓದಿದ್ರೆ ತಲೆಗೆ ಹತ್ತಲ್ಲ" ಎಂದು ಹೇಳುವ ಹುಡುಗರು ಈಗ ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ಓದುವ ಅಭ್ಯಾಸ ತಪ್ಪಿದ್ದಕ್ಕೆ ಒಂದು ಶಾಸ್ತ್ರೀಯ ಹೆಸರು ಸಿಕ್ಕಂತಾಯಿತು. ಇಂಜಿನಿಯರ್ ಆಗಿ ಹೊರಗೆ ಹೋದವನು ನಕ್ಷೆಯನ್ನೂ ಓದಬೇಕು, ಟೆಂಡರ್ ಕರಾರನ್ನೂ ಓದಬೇಕು, ಮೇಸ್ತ್ರಿ ಹೇಳುವುದನ್ನೂ ಕೇಳಿಸಿಕೊಳ್ಳಬೇಕು. ನನಗೆ ಚಿತ್ರ ಮಾತ್ರ ಆಗುತ್ತದೆ ಅಂದರೆ ಯಾರು ಕೇಳುತ್ತಾರೆ?

ಹಾಗಾದರೆ ಮಕ್ಕಳಲ್ಲಿ ವ್ಯತ್ಯಾಸವೇ ಇಲ್ಲವೇ? ಇದೆ, ಧಾರಾಳ ಇದೆ. ಮೊದಲೇ ಏನು ಗೊತ್ತಿದೆ ಎಂಬುದರಲ್ಲಿ ಇದೆ. ನಮ್ಮ ಜಿಲ್ಲೆಯ ಎರಡನೇ ವರ್ಷದ ತರಗತಿಗೆ ಹೋಗಿ ನೋಡಿ. ಪಿಯುಸಿ ಮುಗಿಸಿ ಸಿಇಟಿ ಬರೆದು ಬಂದವರು ಒಂದು ಕಡೆ. ಡಿಪ್ಲೊಮಾ ಮಾಡಿ ನೇರ ಎರಡನೇ ವರ್ಷಕ್ಕೆ ಬಂದವರು ಇನ್ನೊಂದು ಕಡೆ. ಡಿಪ್ಲೊಮಾದವರಿಗೆ ಲೇತ್ ಗೊತ್ತು, ಲೆವೆಲಿಂಗ್ ಗೊತ್ತು, ಕಾಂಕ್ರೀಟು ಕೈಯಲ್ಲಿ ಮುಟ್ಟಿ ಗೊತ್ತು. ಗಣಿತದ ಎರಡು ಸಾಲು ದಾಟಿದರೆ ಮುಖ ಬಾಡುತ್ತದೆ. ಪಿಯುಸಿಯವರದ್ದು ಇದರ ತಿರುವು. ಇವರನ್ನು ಬೇರೆ ಬೇರೆ ಕೂರಿಸದೆ ಒಬ್ಬರ ಪಕ್ಕ ಒಬ್ಬರನ್ನು ಕೂರಿಸಿ. ಅವನು ಕೈ ತೋರಿಸಲಿ, ಇವಳು ಲೆಕ್ಕ ತೋರಿಸಲಿ.

ಭಾಷೆಯೂ ಇಂಥದ್ದೇ ವಿಷಯ. ಹತ್ತನೇ ತರಗತಿ ತನಕ ಕನ್ನಡದಲ್ಲಿ ಓದಿ ಬಂದ ಮಕ್ಕಳು ತುಂಬ ಇದ್ದಾರೆ. ಗುಂಪಿನಲ್ಲಿ ಚರ್ಚೆ ಮಾಡುವಾಗ ಕನ್ನಡವೋ ಕೊಂಕಣಿಯೋ, ಬಾಯಿಗೆ ಬಂದದ್ದರಲ್ಲಿ ಮಾತಾಡಲಿ. ವರದಿಯನ್ನು ಇಂಗ್ಲಿಷಿನಲ್ಲಿ ಬರೆಯಲಿ. ಚರ್ಚೆಯನ್ನೂ ಇಂಗ್ಲಿಷಿನಲ್ಲೇ ಮಾಡಿ ಎಂದ ಕೂಡಲೇ ಗುಂಪಿಗೆ ಒಬ್ಬರೇ ಮಾತಾಡುವವರು ಉಳಿಯುತ್ತಾರೆ.

ಇನ್ನೊಂದು ಚಟುವಟಿಕೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾರವಾರದಲ್ಲಿ ನಿಂತು ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿಗೆ ಇಲ್ಲೇ ಕಾಳಿ ನದಿಯ ಹಳೇ ಸೇತುವೆ ಕುಸಿದು ಬಿತ್ತು. ಸುಮಾರು 40 ವರ್ಷದ ಸೇತುವೆ. ಒಂದು ಲಾರಿ ಹೊಳೆಗೆ ಬಿತ್ತು, ಚಾಲಕನನ್ನು ಜೀವಂತ ಮೇಲೆತ್ತಿದರು. ಆ ಸೇತುವೆ ಯಾಕೆ ಬಿತ್ತು ಎಂದು ತೀರ್ಪು ಕೊಡುವುದು ತರಗತಿಯ ಕೆಲಸ ಅಲ್ಲ. ಅದಕ್ಕೆ ತನಿಖೆ ಮಾಡುವವರಿದ್ದಾರೆ. ಆದರೆ ಉಪ್ಪುಗಾಳಿಯ ಊರಲ್ಲಿ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಇಲ್ಲಿಯ ವಿದ್ಯಾರ್ಥಿ ಕೇಳದಿದ್ದರೆ ಇನ್ಯಾರು ಕೇಳಬೇಕು?

ಬೇಕಾದ್ದು ಆರು ಗಾಜಿನ ಬಾಟಲಿ, ಆರು ಕಬ್ಬಿಣದ ಮೊಳೆ. ಸತು ಲೇಪನ ಇರುವ ಬಿಳಿ ಮೊಳೆ ಬೇಡ. ಸಾದಾ ಮೊಳೆಯನ್ನು ಮರಳುಕಾಗದದಲ್ಲಿ ಉಜ್ಜಿ ಹೊಳಪು ಮಾಡಿಕೊಳ್ಳಿ. ಮೊದಲನೇ ಬಾಟಲಿಗೆ ಬಾವಿ ನೀರು. ಎರಡನೆಯದಕ್ಕೆ ಸಮುದ್ರದ ನೀರು. ಮೂರನೆಯದಕ್ಕೆ ಕುದಿಸಿ ಆರಿಸಿದ ನೀರು, ಮೇಲೆ ಕೊಬ್ಬರಿ ಎಣ್ಣೆಯ ಪದರ. ಕುದಿಸಿದರೆ ನೀರಿನಲ್ಲಿ ಕರಗಿದ ಆಮ್ಲಜನಕ ಹೋಗುತ್ತದೆ, ಎಣ್ಣೆ ಮತ್ತೆ ಒಳಗೆ ಬಿಡುವುದಿಲ್ಲ. ಶಿರಸಿಯವರು ಚಳಿಗಾಲದಲ್ಲಿ ಬೇರೆ ಎಣ್ಣೆ ನೋಡಿಕೊಳ್ಳಿ, ಬೆಳಿಗ್ಗೆ ಬಂದರೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಕೂತಿರುತ್ತದೆ.

ನಾಲ್ಕನೆಯದಕ್ಕೆ ಸುಣ್ಣದ ತಿಳಿ. ಕವಳ ಹಾಕುವ ಮನೆಗಳಲ್ಲಿ ಸುಣ್ಣಕ್ಕೇನು ಬರ? ನೀರಿಗೆ ಸುಣ್ಣ ಕದಡಿ, ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳುವುದು. ಕಣ್ಣಿಗೆ ಹಾರಿದರೆ ಅಪಾಯ, ಕನ್ನಡಕ ಹಾಕಿಸಿ. ಐದನೆಯದಕ್ಕೆ ಅದೇ ತಿಳಿ, ಜೊತೆಗೆ ಒಂದೆರಡು ಚಮಚ ಉಪ್ಪು. ಆರನೆಯದಕ್ಕೂ ಅದೇ ತಿಳಿ, ಆದರೆ ಮುಚ್ಚಳ ಇಲ್ಲ. ನಾಲ್ಕು ಮತ್ತು ಐದಕ್ಕೆ ಬಿಗಿಯಾಗಿ ಮುಚ್ಚಳ ಹಾಕಿ.

ಕಿಟಕಿಯ ಮೇಲೆ ಇಡುವ ಮೊದಲು ಪ್ರತಿಯೊಬ್ಬರೂ ಬರೆಯಬೇಕು: ಯಾವುದು ಮೊದಲು ತುಕ್ಕು ಹಿಡಿಯುತ್ತದೆ, ಯಾವುದು ಹಿಡಿಯುವುದೇ ಇಲ್ಲ, ಯಾಕೆ? ಒಂದು ವಾಕ್ಯ ಸಾಕು. ಹಾಳೆಗೆ ಹೆಸರು ಬೇಡ. ಹೆಸರಿದ್ದರೆ ಮಕ್ಕಳು ಸರಿಯಾದ ಉತ್ತರ ಹುಡುಕುತ್ತಾರೆ, ತಮ್ಮ ಉತ್ತರ ಬರೆಯುವುದಿಲ್ಲ.

ನೀರಲ್ಲಿ ಮುಳುಗಿಸಿದ ಮೊಳೆ ತುಕ್ಕು ಹಿಡಿಯಲೇಬೇಕು ಎಂದು ನಂಬಿದವರಿಗೆ ನಾಲ್ಕನೇ ಬಾಟಲಿ ದೊಡ್ಡ ಆಶ್ಚರ್ಯ. ವಾರಗಟ್ಟಲೆ ಕಳೆದರೂ ಮೊಳೆ ಹೊಳೆಯುತ್ತಲೇ ಇರುತ್ತದೆ. ಸುಣ್ಣದ ತಿಳಿಯ ಪಿಹೆಚ್, ಅಂದರೆ ಆಮ್ಲ-ಕ್ಷಾರದ ಅಳತೆ, 12 ದಾಟಿರುತ್ತದೆ. ಅಷ್ಟು ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ತೆಳ್ಳನೆಯ ರಕ್ಷಣಾ ಪೊರೆ ಕಟ್ಟುತ್ತದೆ. ಕಾಂಕ್ರೀಟಿನೊಳಗೆ ಸರಳು ಉಳಿಯುವುದೂ ಹೀಗೇ. ಸಿಮೆಂಟು ಕಬ್ಬಿಣವನ್ನು ನೀರಿನಿಂದ ಬಚ್ಚಿಡುತ್ತದೆ ಎಂದುಕೊಂಡವರೇ ಜಾಸ್ತಿ. ಐದನೆಯ ಬಾಟಲಿಯಲ್ಲಿ ಪಿಹೆಚ್ ಹೆಚ್ಚೇ ಇದ್ದರೂ ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ತುಕ್ಕು ಮೊಳೆಯ ಇಡೀ ಮೈಗೆ ಹರಡುವುದಿಲ್ಲ, ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಆರನೆಯ ಬಾಟಲಿಯ ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಸುಣ್ಣವನ್ನು ತಿನ್ನುತ್ತಾ ಹೋಗುತ್ತದೆ, ಪಿಹೆಚ್ ಇಳಿಯುತ್ತದೆ, ಆಮೇಲೆ ಮೊಳೆಯ ಸರದಿ. ಲಿಟ್ಮಸ್ ಕಾಗದ ಇಲ್ಲಿ ಸಾಲದು, ಅಂಕಿ ತೋರಿಸುವ ಪಿಹೆಚ್ ಪಟ್ಟಿ ತರಿಸಿಕೊಳ್ಳಿ.

ಇದಾದ ಮೇಲೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ತೆರೆಯಿರಿ. ಕರಾವಳಿಯ ಗಾಳಿಗೆ ಒಡ್ಡಿದ ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಕನಿಷ್ಠ ಎಂ30 ದರ್ಜೆ, ನೀರು ಸಿಮೆಂಟಿನ ಅನುಪಾತ 0.45 ಮೀರಬಾರದು, ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ. ಬರೀ ಕೋಷ್ಟಕವಾಗಿ ಓದಿದಾಗ ಇವು ಉರು ಹೊಡೆಯುವ ಅಂಕಿಗಳು. ಬಾಟಲಿ ನೋಡಿದ ಮೇಲೆ ಹುಡುಗರೇ ಕೇಳುತ್ತಾರೆ, ಅಡಿಗೆ ಕವರ್ ಬ್ಲಾಕಿನ ತುಂಡು ಕೊಟ್ಟು ಎತ್ತದೆ ಸರಳನ್ನು ನೇರ ಸೆಂಟ್ರಿಂಗ್ ಹಲಗೆ ಮೇಲೆ ಮಲಗಿಸಿದರೆ ಉಪ್ಪು ಎಷ್ಟು ಬೇಗ ತಲುಪುತ್ತದೆ ಅಂತ. ಕಾಂಕ್ರೀಟು ಸಲೀಸಾಗಿ ಹರಿಯಲಿ ಎಂದು ಕೊಡಪಾನದಲ್ಲಿ ನೀರು ಸುರಿಯುವುದನ್ನು ಅವರು ತಮ್ಮ ಮನೆ ಸ್ಲ್ಯಾಬ್ ಹಾಕುವಾಗಲೇ ನೋಡಿರುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇಂಥ ಉದಾಹರಣೆಗೆ ಕೊರತೆ ಇಲ್ಲ. ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಹೋಗಿ. ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು ಶೇಕಡಾ 3.5. ಹರಳು ಕಟ್ಟಬೇಕಾದರೆ ಅದು ಶೇಕಡಾ 26ರ ಹತ್ತಿರ ಬರಬೇಕು. 100 ಕೆಜಿ ನೀರು ಬಿಟ್ಟುಕೊಂಡರೆ ಹರಳು ಶುರುವಾಗುವ ಮೊದಲು ಎಷ್ಟು ಆವಿಯಾಗಬೇಕು? ಸುಮಾರು 86 ಕೆಜಿ. ದ್ರವ್ಯದ ಜಮಾಖರ್ಚು ಕಲಿಸಲು ಇದಕ್ಕಿಂತ ಚೆಂದದ ಲೆಕ್ಕ ನನಗೆ ಗೊತ್ತಿಲ್ಲ. ಘಟ್ಟದ ಮೇಲಿನ ತೋಟಗಳಲ್ಲಿ ಹಳ್ಳದ ನೀರಿಗೆ ಪುಟ್ಟ ಟರ್ಬೈನ್ ಕೂರಿಸಿ ಮನೆಗೆ ಬೆಳಕು ಮಾಡಿಕೊಂಡವರಿದ್ದಾರೆ. 15 ಲೀಟರ್ ಬಕೆಟ್ 3 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. ಮೇಸ್ತ್ರಿಯ ಲೆವೆಲ್ ಪೈಪಿನಲ್ಲಿ ಎತ್ತರ ಅಳೆದು 20 ಮೀಟರ್ ಸಿಕ್ಕರೆ, ನೀರಿನಲ್ಲಿರುವ ಶಕ್ತಿ 981 ವ್ಯಾಟ್. ಅರ್ಧ ಕೈಗೆ ಸಿಕ್ಕರೂ 490. ಅದರಲ್ಲಿ ಮಿಕ್ಸಿ ತಿರುಗುತ್ತದೆಯೇ ಎಂದು ಊಹಿಸಲು ಹೇಳಿ.

ಒಂದು ಎಚ್ಚರಿಕೆ ಮಾತ್ರ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು. ಅಂಥ ಜಾಗಕ್ಕೆ ಬಸ್ಸು ಮಾಡಿಕೊಂಡು ಹೋಗಿ ಫೋಟೊ ತೆಗೆಸುವುದು ಶೈಕ್ಷಣಿಕ ಪ್ರವಾಸ ಅಲ್ಲ. ಚಿರೆಕಲ್ಲಿನ ಅಡಿಯಲ್ಲಿ ಸಿಗುವ ಶೇಡಿ ಮಣ್ಣು ಒಂದು ಹಿಡಿ ತಂದು ಲೋಟದ ನೀರಿನಲ್ಲಿ ಬಿಡಿ, ಗಟ್ಟಿ ಕಂಡ ಹೆಂಟೆ ಹೇಗೆ ಕಳಚಿಕೊಳ್ಳುತ್ತದೆ ನೋಡಲಿ. ಅಷ್ಟು ಸಾಕು.

ಕೈಕೆಲಸ ಅಂದ ಕೂಡಲೇ "ನಮ್ಮಲ್ಲಿ ಲ್ಯಾಬ್ ಇದೆಯಲ್ಲ" ಎನ್ನುತ್ತಾರೆ. ಲ್ಯಾಬ್ ಇದೆ. 20 ಜನರ ಬ್ಯಾಚಿನಲ್ಲಿ ಉಪಕರಣ ಮುಟ್ಟುವವರು ಇಬ್ಬರು. ಉಳಿದವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಆ ಬರೆಯುವ ಕೆಲಸ ಎಲ್ಲ ಗುಂಪಿನಲ್ಲೂ ಹುಡುಗಿಯರ ಪಾಲಿಗೆ ಬರುವುದು ನೀವೂ ನೋಡಿದ್ದೀರಿ. "ಅಕ್ಷರ ಚೆನ್ನಾಗಿದೆ" ಅಂತ ಒಂದು ನೆಪ. ಸರದಿ ಹಾಕಿ. ಈ ವಾರ ಅಳೆದವರು ಮುಂದಿನ ವಾರ ಬರೆಯಲಿ, ಮೂರನೆಯವರು ಪ್ರಶ್ನೆ ಕೇಳುವವರಾಗಲಿ. ಮ್ಯಾನುವಲ್‌ನಲ್ಲಿ ಉತ್ತರ ಮೊದಲೇ ಅಚ್ಚಾಗಿದ್ದರೆ ಹೋದ ವರ್ಷದ ರೆಕಾರ್ಡಿನಿಂದ ಈ ವರ್ಷದ ರೀಡಿಂಗ್ ಹುಟ್ಟುತ್ತದೆ. ಅದು ಮಕ್ಕಳ ಕಳ್ಳತನ ಅನ್ನುವುದಕ್ಕಿಂತ ಪ್ರಯೋಗದ ಬಡತನ ಅನ್ನಿ. ಉತ್ತರ ಗೊತ್ತಿರುವ ಪ್ರಯೋಗವನ್ನು ಯಾರು ಮನಸ್ಸಿಟ್ಟು ಮಾಡುತ್ತಾರೆ?

ಹಾಗಂತ ಮಕ್ಕಳನ್ನು ಸಾಮಾನು ಕೊಟ್ಟು ಬಿಟ್ಟುಬಿಡಿ ಎಂದೂ ನಾನು ಹೇಳುತ್ತಿಲ್ಲ. ಹೊಸ ವಿಷಯಕ್ಕೆ ಬಂದವರನ್ನು ದಾರಿ ತೋರಿಸದೆ ಬಿಟ್ಟರೆ ಗಲಾಟೆ ಆಗುತ್ತದೆ, ಕಲಿಕೆ ಆಗುವುದಿಲ್ಲ. ಪ್ರಶ್ನೆ ನಿಮ್ಮದಿರಲಿ, ಸಮಯದ ಗಡಿ ನಿಮ್ಮದಿರಲಿ, ಕೊನೆಗೆ ಹತ್ತು ನಿಮಿಷ ಬೋರ್ಡಿನ ಮುಂದೆ ನಿಂತು ಬಿಡಿಸಿ ಹೇಳುವುದೂ ನಿಮ್ಮದೇ. ಬೋರ್ಡು ಸೀಮೆಸುಣ್ಣಕ್ಕೆ ನಾನು ವಿರೋಧಿ ಅಲ್ಲ. ಊಹೆ ತಪ್ಪಿ ತಲೆ ಕೆರೆದುಕೊಳ್ಳುತ್ತಿರುವ ಹುಡುಗನಿಗೆ ಒಳ್ಳೆಯ ಉಪನ್ಯಾಸದಷ್ಟು ರುಚಿಯಾದ್ದು ಬೇರೆ ಇಲ್ಲ.

ಫಲಿತಾಂಶ ಬೇಕು ಎನ್ನುವವರಿಗೆ ಒಂದು ಅಂಕಿ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ತಂಡ ವಿಜ್ಞಾನ, ಇಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಬರೀ ಉಪನ್ಯಾಸ ಇದ್ದ ತರಗತಿಗಳಲ್ಲಿ ಸರಾಸರಿ ಶೇಕಡಾ 33.8 ಮಂದಿ ಫೇಲ್. ಮಕ್ಕಳನ್ನು ಕೆಲಸಕ್ಕೆ ಹಚ್ಚಿದ ತರಗತಿಗಳಲ್ಲಿ ಶೇಕಡಾ 21.8. ಆದರೆ ಪೂರ್ತಿ ಖುಷಿ ಪಡಬೇಡಿ. 2019ರಲ್ಲಿ ಹಾರ್ವರ್ಡ್‌ನ ಇನ್ನೊಂದು ಅಧ್ಯಯನ ಬಂತು. ಚಟುವಟಿಕೆಯ ತರಗತಿಯಲ್ಲಿ ಕೂತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಡಿಮೆ ಕಲಿತೆವು ಎಂದು ಅವರಿಗೆ ಅನ್ನಿಸಿತ್ತು. ತಲೆ ಓಡಿಸುವುದು ಆಯಾಸದ ಕೆಲಸ. ಸಲೀಸಾದ ಉಪನ್ಯಾಸ ಕೇಳಿದರೆ ಎಲ್ಲ ಅರ್ಥವಾದಂತೆ ಅನ್ನಿಸುತ್ತದೆ. ಹಾಗಾಗಿ ಮೊದಲ ಸೆಮಿಸ್ಟರಿನಲ್ಲಿ ನಿಮ್ಮ ಫೀಡ್‌ಬ್ಯಾಕ್ ಅಂಕ ಇಳಿಯಬಹುದು. ಶುರುವಿನಲ್ಲೇ ಮಕ್ಕಳಿಗೂ ಇದನ್ನು ಹೇಳಿ, ಪ್ರಾಂಶುಪಾಲರಿಗೂ ಹೇಳಿ.

ಇನ್ನು ಪ್ರಶ್ನೆಗಳು.

ಒಬ್ಬ ಮೇಡಂ ಕೇಳಿದರು: "ನಾನು ಕಂಪ್ಯೂಟರ್ ಸೈನ್ಸ್ ಕಲಿಸ್ತೇನೆ. ದಬ್ಬೆ, ಮೊಳೆ ನಮಗೆ ಎಲ್ಲಿ ಬರುತ್ತೆ?"

ಬರುತ್ತದೆ ಮೇಡಂ, ಬೇರೆ ರೂಪದಲ್ಲಿ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಅವರ ಜೊತೆಗಾರರು ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳನ್ನೇ ಮಾಡಿದ್ದಾರೆ. ವರಾಂಡದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮಕ್ಕಳ ಕೈಗೆ ಅಂಕಿಯ ಚೀಟಿ ಕೊಟ್ಟು, ಸಂಧಿಯಲ್ಲಿ ಇಬ್ಬರು ಎದುರಾದಾಗ ಸಣ್ಣ ಅಂಕಿಯವರು ಎಡಕ್ಕೆ, ದೊಡ್ಡ ಅಂಕಿಯವರು ಬಲಕ್ಕೆ ಹೋಗಬೇಕು ಎಂದು ನಿಯಮ ಮಾಡಿ. ಕೊನೆಗೆ ಎಲ್ಲರೂ ಕ್ರಮದಲ್ಲಿ ನಿಲ್ಲುತ್ತಾರೆ. ಒಂದು ಗೆರೆ ಅಳಿಸಿದರೆ ಏನಾಗುತ್ತದೆ ಎಂದು ಮೊದಲು ಬರೆಸಿ. ಕೋಡ್ ಬರೆಸುವಾಗಲೂ ಅಷ್ಟೇ: ರನ್ ಒತ್ತುವ ಮೊದಲು ಪರದೆಯ ಮೇಲೆ ಏನು ಬರುತ್ತದೆ ಎಂದು ಕಾಗದದ ಮೇಲೆ ಬರೆಯಬೇಕು. ಇದಕ್ಕೆ ಪೈಸೆ ಖರ್ಚಿಲ್ಲ, ಆದರೆ ಮಕ್ಕಳಿಗೆ ಇದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ. ಬೆರಳು ತಾನಾಗೇ ಎಂಟರ್ ಕೀಗೆ ಹೋಗುತ್ತದೆ.

ಇನ್ನೊಬ್ಬರು: "ಸಿಲೆಬಸ್ಸೇ ಮುಗಿಯೋದಿಲ್ಲ ಸರ್. ಇದಕ್ಕೆಲ್ಲ ಟೈಮ್ ಎಲ್ಲಿದೆ?"

ಪ್ರತಿ ತರಗತಿಗೂ ಬೇಡ. ಒಂದು ಮಾಡ್ಯೂಲಿಗೆ ಒಂದು ಸಾಕು. ಮಕ್ಕಳು ವರ್ಷ ವರ್ಷವೂ ಎಡವುವ ಜಾಗ ಯಾವುದು ಎಂಬುದು ನಿಮಗೆ ಗೊತ್ತಿದೆ. ಉತ್ತರ ಪತ್ರಿಕೆ ತಿದ್ದುವಾಗ ಒಂದೇ ತಪ್ಪು ಎಷ್ಟು ಕಡೆ ಬಂತು ಎಂದು ಗುರುತು ಹಾಕಿಕೊಳ್ಳಿ. ಅಲ್ಲಿಗೆ ಮಾತ್ರ ದಬ್ಬೆ ತನ್ನಿ. ಉಳಿದದ್ದನ್ನು ಬೋರ್ಡಿನ ಮೇಲೆ ಮಾಡಿ, ಏನೂ ತೊಂದರೆ ಇಲ್ಲ.

ಕೊನೆಗೆ ಒಬ್ಬ ಕಿರಿಯ ಶಿಕ್ಷಕರು ಕೇಳಿದ್ದು ನೇರ ಪ್ರಶ್ನೆ: "ಇಷ್ಟೆಲ್ಲ ಮಾಡಿಸಿದ್ರೂ ಪರೀಕ್ಷೆಗೆ ಅದೇ ಹಳೇ ಪ್ರಶ್ನೆ ಬರುತ್ತೆ. ಹುಡುಗರು ಯಾಕೆ ಸೀರಿಯಸ್ ತಗೋತಾರೆ?"

ತಗೊಳ್ಳುವುದಿಲ್ಲ. ಅಂಕ ಎಲ್ಲಿದೆಯೋ ಮಕ್ಕಳ ಗಮನ ಅಲ್ಲಿರುತ್ತದೆ. ಅವರನ್ನು ಬೈದು ಉಪಯೋಗ ಇಲ್ಲ. ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲಿಲ್ಲ, ಆದರೆ ಆಂತರಿಕ ಪರೀಕ್ಷೆ ನಮ್ಮ ಕೈಯಲ್ಲಿದೆ. ಅಲ್ಲಿ ಒಂದು ಪ್ರಶ್ನೆ ಬದಲಾಯಿಸಿ. ಉದಾಹರಣೆಗೆ: 'ಸುಣ್ಣದ ತಿಳಿಗೆ ಉಪ್ಪು ಹಾಕಿದ ಬಾಟಲಿಯಲ್ಲಿ ಎರಡು ವಾರ ಕಳೆದರೂ ಮೊಳೆ ತುಕ್ಕು ಹಿಡಿಯಲಿಲ್ಲ. ಇದಕ್ಕೆ ಎರಡು ಕಾರಣ ಊಹಿಸಿ. ಪ್ರತಿ ಕಾರಣವನ್ನು ಪರೀಕ್ಷಿಸಲು ಏನು ಮಾಡುತ್ತೀರಿ, ಬರೆಯಿರಿ.' ಈ ಪ್ರಶ್ನೆಗೆ ಗೈಡಿನಲ್ಲಿ ಉತ್ತರ ಇಲ್ಲ. ಮೊಳೆಗೆ ಸತು ಲೇಪನ ಇದ್ದಿರಬಹುದು. ಉಪ್ಪು ತೀರಾ ಕಡಿಮೆ ಬಿದ್ದಿರಬಹುದು. ಬಾಟಲಿ ಕಂಠದ ತನಕ ತುಂಬಿ ಬಿಗಿಯಾಗಿ ಮುಚ್ಚಿದ್ದರಿಂದ ಒಳಗೆ ಆಮ್ಲಜನಕ ಸಾಲದೆ ಹೋಗಿರಬಹುದು. ಯಾವುದನ್ನು ಬರೆದರೂ ಅಂಕ ಕೊಡಿ, ಆದರೆ ಪರೀಕ್ಷಿಸುವ ದಾರಿ ಬರೆದಿದ್ದರೆ ಮಾತ್ರ ಪೂರ್ತಿ ಅಂಕ. ಮೊದಲ ಸಲ ಅರ್ಧ ತರಗತಿ ಆ ಪ್ರಶ್ನೆಯನ್ನು ಖಾಲಿ ಬಿಡುತ್ತದೆ. ಎರಡನೇ ಆಂತರಿಕಕ್ಕೂ ಇಂಥದ್ದೇ ಒಂದು ಬರುತ್ತದೆ ಎಂದು ಅವತ್ತೇ ಹೇಳಿಬಿಡಿ.